ನಾನು ತೆರೆದಿಟ್ಟ ಟಪಾಲು

ಪುತ್ತೂರಿನಲ್ಲಿರುವ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ನಾನು ಅಟೆಂಡರ್. ಟಪಾಲು ನನ್ನ ಕೈಯಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಕುಂಬ್ರದಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತೇನೆ. ಅಂಚೆಯವರು ಬಂದು ಹೋದ ಮೇಲೆ ಲಕೋಟೆಗಳ ಅಂಚು ಕತ್ತರಿಸಿ, ಕಾಗದಕ್ಕೆ ಲಕೋಟೆಯನ್ನೂ ಸೇರಿಸಿ ಪಿನ್ ಚುಚ್ಚಿ, ತಾರೀಕಿನ ಸೀಲು ಒತ್ತಿ, ಟ್ರೇಯಲ್ಲಿ ಇಡುತ್ತೇನೆ. ಓದುವ ಕೆಲಸ ನನ್ನದಲ್ಲ. ಆಯಾ ವಿಭಾಗದವರು ಬಂದು ತಮ್ಮದನ್ನು ಎತ್ತಿಕೊಳ್ಳುತ್ತಾರೆ. ಹೆಚ್ಚಿನವು ಇಂಗ್ಲಿಷ್ ಕಾಗದಗಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಬಾರದಿರುವುದರಿಂದ ಅಲ್ಲಿ ಯಾರಿಗೂ ತೊಂದರೆಯಾದದ್ದಿಲ್ಲ.

ಕೇಂದ್ರಕ್ಕೆ ಎಲ್ಲರೂ ನೋಡುವ ಒಂದು ಇ-ಮೇಲ್ ಪೆಟ್ಟಿಗೆ ಇತ್ತು. ದಿನಾ ಅದನ್ನು ನೋಡುತ್ತಿದ್ದ ಗುಮಾಸ್ತೆ ಹೆರಿಗೆ ರಜೆಗೆ ಹೋದರು. ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕರೆದು, "ಟಪಾಲು ನೋಡುವವರಿಗೆ ಇದೂ ಟಪಾಲೇ ಅಲ್ವಾ?" ಎಂದು ಆ ಕೆಲಸಕ್ಕೆ ನನ್ನ ಹೆಸರು ಬರೆದುಕೊಟ್ಟರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ಒಬ್ಬರು ಹೆಂಗಸು ಬಂದರು. ನನ್ನ ಹೆಸರಿನಲ್ಲಿ ಒಂದು ಖಾತೆ ಮಾಡಿ, ಅದನ್ನು ಆ ಪೆಟ್ಟಿಗೆಗೆ ಜೋಡಿಸಬೇಕಿತ್ತು. ಪಾಸ್‌ವರ್ಡ್ ಎರಡು ಸಲ ಮರೆತೆ. ಆಮೇಲೆ ಮೊಬೈಲಿಗೆ ಒಂದು ನಂಬರು ಬಂತು. ಕನ್ನಡಕ ಹುಡುಕಿ ಅದನ್ನು ಓದುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು.

"ಎಂತ ಮಾರಾಯ್ರೆ, ನಂಬರ್ ಹೇಳ್ಲಿಕ್ಕೆ ಮುಹೂರ್ತ ನೋಡ್ತೀರಾ?" ಎಂದರು ಆಕೆ.

ಪಕ್ಕದ ಮೇಜಿನ ಪರೀಕ್ಷಾ ಗುಮಾಸ್ತರು ನಕ್ಕು, "ಬೈಬೇಡಿ ಮೇಡಂ, ನಾಳೆಯಿಂದ ಅವರೂ ಆಫೀಸರು. ನಾವೆಲ್ಲ ಎದ್ದು ನಿಲ್ಲುದು ಇನ್ನು" ಎಂದರು.

ಮೂರನೇ ಸಲಕ್ಕೆ ಪೆಟ್ಟಿಗೆ ತೆರೆಯಿತು. ಆಕೆ ಬೆರಳಿಟ್ಟು ತೋರಿಸಿದರು. "ನೋಡಿ, ದಪ್ಪ ಅಕ್ಷರದಲ್ಲಿ ಇರುದು ಯಾರೂ ನೋಡದ್ದು. ನೀವು ತೆರೆದ್ರೆ ತೆಳ್ಳಗಾಗ್ತದೆ. ನಿಮಗೆ ಮಾತ್ರ ಅಲ್ಲ, ಎಲ್ಲರಿಗೂ. ಹಾಗಾಗಿ ತೆರೆದದ್ದನ್ನು ಯಾರದ್ದು ಅಂತ ನೋಡಿ ಅವರಿಗೆ ಹೇಳಿಯೇ ಬಿಡ್ಬೇಕು. ಗೊತ್ತಾಯ್ತಲ್ಲ?"

"ಗೊತ್ತಾಯ್ತು" ಎಂದೆ. ಗೊತ್ತಾಗಿರಲಿಲ್ಲ. ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು, ಅದಕ್ಕೆ ಹಾಗೆ ಹೇಳಿದೆ. ನನ್ನ ಲೆಕ್ಕದಲ್ಲಿ ತೆಳ್ಳಗಾಗುವುದೆಂದರೆ ಲಕೋಟೆ ಕತ್ತರಿಸಿದ ಹಾಗೆ. ಕತ್ತರಿಸಿಟ್ಟರೆ ಬೇಕಾದವರು ಬಂದು ಎತ್ತಿಕೊಳ್ಳುತ್ತಾರೆ.

ಮರುದಿನದಿಂದ ಬೆಳಿಗ್ಗೆ ಬಂದ ಕೂಡಲೇ ಒಂದೊಂದಾಗಿ ಎಲ್ಲವನ್ನೂ ಒತ್ತಿ ತೆರೆದೆ. ಒಂದೂ ದಪ್ಪ ಅಕ್ಷರ ಉಳಿಯದ ಹಾಗೆ ಮಾಡಿ ಎದ್ದಾಗ ಗುಡಿಸಿದ ಅಂಗಳ ನೋಡಿದಷ್ಟು ಸಮಾಧಾನ. ಉಳಿದವರು ಬಂದು ನೋಡಿದರೆ ಹೊಸದೇನೂ ಕಾಣುತ್ತಿರಲಿಲ್ಲ. ಯಾರೋ ನೋಡಿ ಉತ್ತರ ಕೊಟ್ಟಿರಬೇಕೆಂದು ಅವರು ಪೆಟ್ಟಿಗೆ ಮುಚ್ಚುತ್ತಿದ್ದರು. ಇದು ನನಗೆ ತಿಳಿದದ್ದು ಆಮೇಲೆ.

ಆಗ ನನ್ನ ತಂಗಿ ನಮ್ಮ ವಿಶ್ವವಿದ್ಯಾಲಯದಲ್ಲೇ ಮನೆಯಿಂದ ಓದಿ ಬಿ.ಎ. ಮುಗಿಸುವುದರಲ್ಲಿದ್ದಳು. ಅವಳ ಗಂಡನ ಮನೆ ಆಲಂಕಾರಿನ ಹತ್ತಿರ. ಬೆಳಿಗ್ಗೆ ಗಂಡನ ಜೊತೆ ರಬ್ಬರ್ ಹಾಲು ತೆಗೆದು, ಆಮೇಲೆ ಕಡಬದ ಒಂದು ಶಾಲೆಯ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ. ಈ ವರ್ಷ ಡಿಗ್ರಿ ಆದರೆ ಕೆಲಸ ಖಾಯಂ ಮಾಡುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಉಳಿದದ್ದು ಒಂದೇ ಪತ್ರಿಕೆ, ರಾಜ್ಯಶಾಸ್ತ್ರ. ಹಾಲ್ ಟಿಕೆಟ್ ಬಂದಾಗ ಅದರಲ್ಲಿ ಹಳೆಯ, ಪಾಸಾದ ವಿಷಯವೊಂದರ ಹೆಸರಿತ್ತು. ತಿದ್ದಿಸಲು ಶನಿವಾರ ಕೊನೆಯ ದಿನ.

ಸೋಮವಾರ ಫೋನು ಮಾಡಿದಳು. "ಅಣ್ಣ, ತಿದ್ದಲಿಕ್ಕೆ ನಿಮ್ಮ ಆಫೀಸಿಗೆ ಮೇಲ್ ಹಾಕಿದ್ದೇನೆ. ಬಂದು ಸಿಕ್ಕಿತಾ?"

"ಸಿಕ್ಕಿದೆ. ನಾನೇ ತೆರೆದದ್ದು." ಅವಳ ಹೆಸರಿನ ಇಂಗ್ಲಿಷ್ ಅಕ್ಷರಗಳ ಗುರುತು ನನಗಿತ್ತು.

"ನಾನೇ ಒಮ್ಮೆ ಬಂದು ಹೋಗುದಾ?"

"ಎಂತಕ್ಕೆ? ರಜೆ ಹಾಕಿ ಎರಡು ಬಸ್ಸು ಹತ್ತಿ ಬರ್ಬೇಕಾ? ನಾನಿಲ್ವಾ ಇಲ್ಲಿ?"

ಹತ್ತು ಹೆಜ್ಜೆ ದೂರದಲ್ಲಿ ಪರೀಕ್ಷಾ ಗುಮಾಸ್ತರ ಮೇಜು. ಹೋಗಿ, ಇದು ನನ್ನ ತಂಗಿಯದ್ದು, ಸ್ವಲ್ಪ ನೋಡಿ ಎಂದರೆ ಮುಗಿಯುತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ಅವರು ಕೇಳಿದರೆ ಓದಲು ಬರುವುದಿಲ್ಲ ಎಂದು ಒಪ್ಪಬೇಕಾಗುತ್ತದಲ್ಲ ಎಂದು ಹೋಗಲಿಲ್ಲ. ಟ್ರೇಯಲ್ಲಿದೆ, ಅವರೇ ಎತ್ತಿಕೊಳ್ಳಲಿ ಎಂದುಕೊಂಡೆ. ಶನಿವಾರ ಕಳೆಯಿತು.

ಪರೀಕ್ಷೆಯ ದಿನ ಬೆಲ್ ಹೊಡೆಯುವ ಕೆಲಸ ನನ್ನದು. ಅಣ್ಣ ಇದ್ದಾನಲ್ಲ, ಪಟ್ಟಿಯಲ್ಲಿ ತಿದ್ದಿರುತ್ತಾರೆ ಎಂಬ ಧೈರ್ಯದಲ್ಲಿ ಹಳೆಯ ಹಾಲ್ ಟಿಕೆಟ್ ಹಿಡಿದೇ ಬಂದಿದ್ದ ತಂಗಿ ಒಳಗೆ ಹೋಗುವಾಗ ನನ್ನನ್ನು ನೋಡಿ ನಕ್ಕಳು. ಬೆಲ್ ಹೊಡೆದೆ. ಐದು ನಿಮಿಷಕ್ಕೆ ಪೆನ್ನು ಹಿಡಿದುಕೊಂಡೇ ಹೊರಗೆ ಬಂದಳು. ಈ ಪತ್ರಿಕೆಯ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಎಬ್ಬಿಸಿದ್ದರು.

ಮೇಡಂ ಪೆಟ್ಟಿಗೆ ತೆಗೆಸಿ ನೋಡಿದರು. "ಮೇಲ್ ಬಂದಿದೆ. ತೆರೆದದ್ದೂ ಉಂಟು. ಯಾರು ನೋಡಿದ್ದು?"

ಗುಮಾಸ್ತರು, "ನಾನು ನೋಡ್ಲಿಲ್ಲ ಮೇಡಂ" ಎಂದರು. ಎಲ್ಲರೂ ನೋಡುವ ಪೆಟ್ಟಿಗೆಯಾದರೂ ಪರೀಕ್ಷೆಯ ಮೇಲ್ ಅವರೇ ತೆರೆದಿರಬೇಕೆಂದು ಅವರ ಮಾತನ್ನು ಯಾರೂ ನಂಬಲಿಲ್ಲ. ಅವರಿಗೆ ಮೆಮೊ ಹೋಯಿತು. ನಾನು ಬಾಗಿಲ ಬಳಿ ನಿಂತಿದ್ದೆ, ಸುಮ್ಮನೆ. ಆ ಮೆಮೊವನ್ನು ಅವರ ಮೇಜಿಗೆ ತಲುಪಿಸಿದವನೂ ನಾನೇ.

ಜೂನಿನಲ್ಲಿ ತಂಗಿಯ ಕೆಲಸ ಬೇರೊಬ್ಬರಿಗೆ ಹೋಯಿತು. ಗುಮಾಸ್ತೆ ರಜೆ ಮುಗಿಸಿ ಬಂದರು, ಪೆಟ್ಟಿಗೆ ಮತ್ತೆ ಅವರ ಪಾಲಿಗಾಯಿತು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಒಂದು ದಿನ ಅವರು ಹೊಸ ಸಹಾಯಕಿಗೆ, "ಓದದೆ ತೆರೀಬೇಡ, ತೆರೆದ್ರೆ ಮತ್ತೆ ಯಾರೂ ನೋಡುದಿಲ್ಲ" ಎಂದು ಹೇಳುವುದು ಕೇಳಿಸಿತು. ನಾನು ಚಹಾದ ಲೋಟಗಳನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

ಮುಂದಿನ ಭಾನುವಾರ ಆಲಂಕಾರಿಗೆ ಹೋದೆ. ತಂಗಿ ಹಗ್ಗದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದಳು. ಕೈ ಒರೆಸಿಕೊಂಡು ಒಳಗೆ ಹೋಗಿ, ಮತ್ತೆ ಪರೀಕ್ಷೆ ಬರೆಯುವ ಅರ್ಜಿ ತಂದು ನನ್ನ ಕೈಗಿಟ್ಟಳು. "ಈ ಸಲ ಮೇಲ್ ಬೇಡಪ್ಪ. ನೀನೇ ತೆಗೊಂಡು ಹೋಗಿ ಕೊಡು. ಆ ಗುಮಾಸ್ತನನ್ನು ನಂಬಿ ಕೆಟ್ಟೆ."

ಹೇಳಿದೆ. ತೆರೆದದ್ದು, ಓದಲು ಬಾರದ್ದು, ಬಾಗಿಲ ಬಳಿ ಸುಮ್ಮನೆ ನಿಂತದ್ದು. ತನ್ನನ್ನು ಓದಿಸಲಿಕ್ಕೆ ಅಣ್ಣ ಶಾಲೆ ಬಿಟ್ಟ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದವಳು. ಅದೂ ಸುಳ್ಳು, ಲೆಕ್ಕದ ಮೇಷ್ಟ್ರ ಹೊಡೆತಕ್ಕೆ ಹೆದರಿ ಬಿಟ್ಟದ್ದು ಎಂದೂ ಹೇಳಿದೆ.

ಅವಳು, "ಹಾಗಾದ್ರೆ ನಾನು ಇಷ್ಟು ದಿನ ಶಾಪ ಹಾಕಿದ್ದು ಯಾರಿಗೆ?" ಎಂದಳು.

"ನಾಳೆಯೇ ಮೇಡಂ ಹತ್ರ ಹೇಳ್ತೇನೆ."

"ಹೇಳು." ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು ಒಳಗೆ ಹೋದಳು. ಚಹಾ ತಂದು ಕೊಟ್ಟು, ಮತ್ತೆ ಶೀಟು ಒಣಹಾಕಲು ಹೋದಳು.

ಸೋಮವಾರ ಹೇಳಿದೆ. ಗುಮಾಸ್ತರ ಮೆಮೊ ಹಿಂದೆ ಹೋಗಿ ನನ್ನ ಹೆಸರಿಗೆ ಬಂತು. ಅವರು ನನ್ನ ಹತ್ತಿರ ಈಗ ತಮಾಷೆ ಮಾಡುವುದಿಲ್ಲ.

ಬುಧವಾರ ತಂಗಿಯೇ ಬಂದಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಅರ್ಜಿಯ ಎರಡು ಪ್ರತಿ ನನ್ನ ಮುಂದಿಟ್ಟಳು. ಒಂದು ಕೇಂದ್ರಕ್ಕೆ, ಒಂದು ತನಗೆ. ಎರಡಕ್ಕೂ ಸೀಲು ಒತ್ತಿದೆ. ಅವಳು ತನ್ನ ಪ್ರತಿಯನ್ನು ಬೆಳಕಿಗೆ ಹಿಡಿದು ತಾರೀಕು ಸರಿಯಾಗಿ ಬಿದ್ದಿದೆಯೇ ಎಂದು ನೋಡಿದಳು. ಮತ್ತೊಮ್ಮೆ ನೋಡಿ, ಮಡಚಿ, ಚೀಲದೊಳಗೆ ಇಟ್ಟುಕೊಂಡಳು.