ಅತ್ತೆಯ ಜೋಗುಳಕ್ಕೆ ನಾನೇ ಹಾಕಿದ ಬೀಗ

ದೇವರನ್ನು ನಂಬಿ ನಡೆಯುವ ಬಂಧುಗಳೇ, ಕಳೆದ ಶ್ರಾವಣದಲ್ಲಿ ಶೆಟ್ಟಿಹಳ್ಳಿಯ ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಒಮ್ಮೆ ಗಿರ್ರೆಂದು ತಿರುಗಿ ನಿಲ್ಲುತ್ತಿತ್ತು, ಪರದೆ ಕಪ್ಪು. ಇಷ್ಟಕ್ಕೇ ಯಾರೂ ದೇವರ ಮೊರೆ ಹೋಗುವುದಿಲ್ಲ. ಆದರೆ ಹಿಂದಿನ ವರ್ಷ ತೀರಿಕೊಂಡ ನಮ್ಮ ಅತ್ತೆ ಹಾಡಿದ್ದ ಜೋಗುಳ ಉಳಿದಿದ್ದುದು ಅದರೊಳಗೆ ಮಾತ್ರ. ರೆಕಾರ್ಡ್ ಮಾಡಿದ್ದ ಹಳೆಯ ಫೋನ್ ಎಂದೋ ಕಳೆದುಹೋಗಿತ್ತು. ಕುಣಿಗಲ್‌ನಲ್ಲಿ ನಾದಿನಿ ರೂಪಾಳ ಮಗುವಿಗೆ ಮುಂದಿನ ಭಾನುವಾರ ತೊಟ್ಟಿಲು ಶಾಸ್ತ್ರ. "ಭಾವ, ತೊಟ್ಟಿಲು ತೂಗೋವಾಗ ಅಮ್ಮನ ದನಿ ಇರ್ಬೇಕು. ಬೇರೇನೂ ತರ್ಬೇಡಿ," ಎಂದು ಫೋನಿನಲ್ಲಿ ಅತ್ತಿದ್ದಳು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎನ್ನುವವನು. ವಿಡಿಯೋ ನೋಡಿ ಕವಚ ಬಿಚ್ಚಿದೆ, ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಕೂರಿಸಿದೆ, ವೈರು ಬದಲಿಸಿದೆ. ಕೊನೆಗೆ ಕೈಯಲ್ಲಿ ಉಳಿದ ಸ್ಕ್ರೂ ಎಲ್ಲಿಯದೆಂದೇ ಮರೆತಿದ್ದೆ. ಇತ್ತೀಚೆಗೆ ನನ್ನ ಮರೆವು ಹೀಗೆಯೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬರುತ್ತೇನೆ.

"ರೀ, ಅದನ್ನ ಬಿಚ್ಚಿದ್ದು ಸಾಕು. ಇನ್ನು ಮಿಕ್ಸಿಗೆ ಕೈ ಹಾಕ್ಬೇಡಿ," ಎಂದಳು ಹೆಂಡತಿ ಸವಿತಾ.

ತುಮಕೂರಿನ ಪೇಟೆಯ ಅಂಗಡಿಗೆ ಹೊತ್ತೊಯ್ದೆ. ಪವರ್ ಸಪ್ಲೈ ಸುಟ್ಟಿತ್ತು. ಬದಲಿಸಿದರು, ಶುರುವಾಯಿತು. ಆ ಖುಷಿ ಮನೆ ಮುಟ್ಟುವವರೆಗೆ ಮಾತ್ರ. ಬ್ಯಾಂಕಿನ ಕಾಗದಗಳ ಜೊತೆಗೆ ಹಾಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ನಾನೇ ಪಾಸ್‌ವರ್ಡ್ ಹಾಕಿದ್ದೆ. ಅದು ನೆನಪಾಗಲೊಲ್ಲದು. ಮಗಳ ಹೆಸರು, ಸ್ಕೂಟರ್ ನಂಬರ್, ತೋಚಿದ್ದೆಲ್ಲ ಹೊಡೆದೆ. ತಪ್ಪು, ಮತ್ತೆ ತಪ್ಪು. ಹಾಡನ್ನು ನಿಜವಾಗಿ ಅಲ್ಲಿಟ್ಟಿದ್ದೆನೇ ಎಂದೂ ಅನುಮಾನ ಬಂತು. ಯಂತ್ರವೇನೋ ರಿಪೇರಿಯಾಗಿದೆ, ಕೆಟ್ಟಿರುವುದು ನನ್ನ ತಲೆ ಎಂದು ಹೆದರಿದೆ.

ಶನಿವಾರ ಸವಿತಾ ಹಾಗಲವಾಡಿ ಕಡೆಯ ತನ್ನ ತವರಿನ ಆಂಜನೇಯನ ಗುಡಿಗೆ ಹೊರಟಳು. ಮನೆಯಲ್ಲಿ ಕೂರಲಾರದೆ ನಾನೂ ಹೊರಟೆ. ಗುಬ್ಬಿಯಲ್ಲಿ ಬಸ್ ಬದಲಿಸಿ, ನಿಂತುಕೊಂಡೇ ಹೋದೆವು. ಅಂದು ಗುಡಿಯಲ್ಲಿ ಮೊದಲ ಸಲ ದೇವರನ್ನು ಮನಸಾರೆ ಕೇಳಿಕೊಂಡೆ: "ನಿನ್ನನ್ನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆ ಬಾಣಂತಿಯ ಮುಂದೆ ನನ್ನನ್ನು ಬರಿಗೈಲಿ ನಿಲ್ಲಿಸಬೇಡ."

ಅರ್ಚನೆಗೆಂದು ಪೂಜಾರಪ್ಪ ನನ್ನ ನಕ್ಷತ್ರ ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ.

"ಉತ್ತರಾಭಾದ್ರ, ಮೂರನೇ ಪಾದ ಸ್ವಾಮಿ. ಇವ್ರ ನಕ್ಷತ್ರಾನೂ ನಾನೇ ಹೇಳ್ಬೇಕು!"

"ಮೇಷ್ಟ್ರಲ್ವಾ ತಾಯಿ, ಬುಡಿ. ಊರಿನವ್ರದ್ದೆಲ್ಲ ನೆಪ್ಪಿಟ್ಕಂಡು ತಮ್ದು ಮರೀತಾರೆ," ಎಂದು ಪೂಜಾರಪ್ಪ ನಕ್ಕರು.

ಪಾಸ್‌ವರ್ಡ್ ಅದೇ! ನಕ್ಷತ್ರ, ಜಾತಕ ಎಂದರೆ ನಗುವ ನಾನು ಅದನ್ನೇ ಬಳಸಿದ್ದೇನೆಂದು ಯಾವ ಕಳ್ಳನೂ ಊಹಿಸಲಾರ ಎಂದುಕೊಂಡು, ಜಾತಕ ನೋಡಿ, ಪಾದದ ಅಂಕಿಯನ್ನೂ ಸೇರಿಸಿ ಇಟ್ಟಿದ್ದೆ. ನಂಬದೇ ಇದ್ದದ್ದು ನೆನಪಿನಲ್ಲಿ ನಿಂತಿರಲಿಲ್ಲ. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಟೈಪ್ ಮಾಡಿದೆ. ಫೋಲ್ಡರ್ ತೆರೆಯಿತು. ಹಾಡು ಅಲ್ಲೇ ಇತ್ತು.

ಕಿವಿಗೆ ಬಿದ್ದ ಮಾತು ಮರೆತದ್ದನ್ನು ಎಬ್ಬಿಸುತ್ತದೆ, ಇದಕ್ಕೆ ದೇವರೇಕೆ ಎಂದು ಸ್ಟಾಫ್ ರೂಮಿನ ಗೆಳೆಯರು ಕೇಳುತ್ತಾರೆ. ಮೊದಲಾಗಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಆದರೆ ಬೇಡಿಕೊಂಡ ಜಾಗದಲ್ಲೇ, ಬೇಡಿಕೊಂಡ ಮರುಗಳಿಗೆಯೇ ಅದು ಬಂತು. ಈಗ ಪ್ರತಿ ಶನಿವಾರ ಸವಿತಾಳಿಗಿಂತ ಮೊದಲು ನಾನೇ ಹೊರಟು ನಿಂತಿರುತ್ತೇನೆ.

ಭಾನುವಾರ ಕುಣಿಗಲ್‌ನಲ್ಲಿ ತೊಟ್ಟಿಲ ಪಕ್ಕ ಫೋನ್ ಇಟ್ಟು ಹಾಡು ಹಾಕಿದೆವು. ಹಾಡುತ್ತಾ ಹಾಡುತ್ತಾ ಅತ್ತೆ ನಡುವೆ ನಿಲ್ಲಿಸಿ ಗದರಿದರು: "ಲೇ ರೂಪಾ, ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕೀತು ನೋಡೇ!"

"ನೋಡ್ತೀನಿ ಕಣಮ್ಮ," ಎಂದು ರೂಪಾ ಎದ್ದೇಬಿಟ್ಟಳು.

ಹೆಂಗಸರೆಲ್ಲ ನಗುತ್ತಲೇ ಕಣ್ಣೊರೆಸಿಕೊಂಡರು. ಅತ್ತೆ ಮತ್ತೆ ಹಾಡತೊಡಗಿದರು. ತಾನು ಕಾಣದ ಅಜ್ಜಿಯ ದನಿ ಕೇಳುತ್ತಾ ಮಗು ನಿದ್ದೆಹೋಯಿತು. ಆ ನಿದ್ದೆಯನ್ನು ಕರುಣಿಸಿದ ಸ್ವಾಮಿಗೆ ನನ್ನ ಶರಣು.