ನಾಲ್ಕು ಮನೆಗಳ ನಡುವಿನ ಮೂಲೆ

ಸೀರೆಗಳ ಮಡಿಕೆ ಬದಲಿಸುವ ಕೆಲಸವನ್ನು ನಾನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುತ್ತೇನೆ. ಒಂದೇ ಮಡಿಕೆಯಲ್ಲಿ ಬಿಟ್ಟರೆ ಜರಿ ಅಲ್ಲೇ ಸೀಳುತ್ತದೆ. ಮೊನ್ನೆ ಬೀರುವಿನ ತಳದಿಂದ ಆ ನೀಲಿ ಸೀರೆ ತೆಗೆದು ಕೊಡವಿದಾಗ ಹಳೆಯ ಗಂಜಿಯ ವಾಸನೆ ಬಂತು. ಅದರ ಹಿಂದೆಯೇ ಡಿಸೈನ್ ಅಣ್ಣ ನೆನಪಿಗೆ ಬಂದರು...

ಸೂಲೂರಿನಲ್ಲಿ ಅವರದು ನಮ್ಮ ಎದುರು ಮನೆ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಸೀರೆಯ ಅಂಚಿಗೆ ಚಿತ್ರ ಬರೆಯುವುದು ಅಣ್ಣನ ಕೆಲಸ. ಚೌಕಳಿ ಕಾಗದದಲ್ಲಿ ಒಂದೊಂದೇ ಮನೆಗೆ ಬಣ್ಣ ತುಂಬಿ ನವಿಲು, ಮಾವಿನಕಾಯಿ ಎಬ್ಬಿಸುತ್ತಿದ್ದರು. ಗಿರಣಿ ಕಚೇರಿಗೆ ಸೇರಿದ ಯಜಮಾನರ ಜೊತೆ ಮೈಸೂರಿನಿಂದ ಹೋಗಿದ್ದ ನಾನು ಮುಂದಿನ ಕೋಣೆಯಲ್ಲಿ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದೆ. ಫೋನಿನಲ್ಲಿ ಇಂಟರ್ನೆಟ್ ನೋಡುವ ಕಾಲ ಇನ್ನೂ ಬಂದಿರಲಿಲ್ಲ.

ಒಂದು ಶನಿವಾರ ಅಣ್ಣ, ಅಮ್ಮಿಣಿ ಎಂದು ಮುದ್ದಾಗಿ ಕರೆಯುವ ಹತ್ತನೇ ಕ್ಲಾಸಿನ ಮಗಳನ್ನು ಮುಂದೆ ತಳ್ಳಿಕೊಂಡು ಬಂದರು.

“ಏನು ತಂಗಿ, ಈ ಪೆಟ್ಟಿಗೆಯಾಗೆ ಕಣಕ್ಕು ಹೇಳಿಕೊಡ್ತಾರಂತೆ? ಇವಳಿಗೆ ಕೊಂಚ ತೋರ್ಸು. ಹನ್ನೊಂದನೇ ಕ್ಲಾಸಿಗೆ ಕಣಕ್ಕು ಬೇಡಾಂತ ಕೂತವ್ಳೆ.”

“ಕೂತಿಲ್ಲ ಅಪ್ಪಾ. ತೀರ್ಮಾನ ಮಾಡಿಯಾಯ್ತು,” ಅಂದಳು ಹುಡುಗಿ.

ಕಟ್ಟಡಗಳ ನಕ್ಷೆ ಹಾಕುವ ಓದು ಓದಬೇಕೆಂದು ಚಿಕ್ಕಂದಿನಿಂದ ಅವಳಿಗೆ ಆಸೆ. ಕಣಕ್ಕು, ಅಂದರೆ ಗಣಿತ, ಬಿಟ್ಟರೆ ಆ ಬಾಗಿಲು ಮುಚ್ಚಿದಂತೆ. ಉಳಿದ ಲೆಕ್ಕಗಳು ಹೇಗೋ ಬರುತ್ತಿದ್ದವು. ಗ್ರಾಫ್ ಮಾತ್ರ ಪ್ರತಿ ಪರೀಕ್ಷೆಯಲ್ಲೂ ತಪ್ಪು. ತುಂಬಿದ ಕ್ಲಾಸಿನಲ್ಲಿ ಯಾಕೆಂದು ಕೇಳಿದರೆ “ಸರಿಯಾಗಿ ನೋಡಿ ಹಾಕು” ಎಂಬ ಉತ್ತರ. ತನ್ನ ತಲೆಗೇ ಅದು ಹತ್ತುವುದಿಲ್ಲವೆಂದು ಅವಳು ನಂಬಿಬಿಟ್ಟಿದ್ದಳು.

ಹುಡುಕಿದಾಗ ಒಂದು ಪುಟ ಸಿಕ್ಕಿತು. ಸಮೀಕರಣ ಬರೆದರೆ ಅದೇ ಗೆರೆ ಎಳೆದು ತೋರಿಸುತ್ತಿತ್ತು. ಅದು ತೆರೆದುಕೊಳ್ಳುವುದರೊಳಗೆ ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದೆ. ಹುಡುಗಿ ತನ್ನ ಗ್ರಾಫ್ ಹಾಳೆಯನ್ನು ಪರದೆಯ ಪಕ್ಕ ಹಿಡಿದಿದ್ದಳು.

“ಅಕ್ಕಾ, ನೋಡಿ. ಇದರ ಚುಕ್ಕಿ ಮನೆಯಾಗೆ ಕೂರಲ್ಲ. ಗೆರೆಗಳು ಸೇರೋ ಮೂಲೆಯಾಗೆ ಕೂರ್ತದೆ.”

ಅವಳ ಹಾಳೆಯಲ್ಲಿ ಪ್ರತಿ ಬಿಂದುವೂ ಚೌಕದ ನಟ್ಟನಡುವೆ ಇತ್ತು. ಬಲಕ್ಕೆ ಎರಡನೇ ಮನೆ, ಮೇಲಕ್ಕೆ ಮೂರನೇ ಮನೆ, ಅಲ್ಲಿ ಬಣ್ಣ... ಅಕ್ಷರ ಕಲಿಯುವ ಮೊದಲೇ ಅಪ್ಪನ ಪಕ್ಕ ಕೂತು ಕಲಿತದ್ದು. ಅಣ್ಣ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

“ಅಮ್ಮಿಣೀ, ನಿನ್ನ ತಲೆ ಸರಿಯಾಗೇ ಅದೆ. ಕೈ ಮಾತ್ರ ನೇಕಾರರದು.”

ಅಂದಿನಿಂದ ಶನಿವಾರ ಮಧ್ಯಾಹ್ನ ಇಬ್ಬರೂ ತಪ್ಪದೆ ಬರುತ್ತಿದ್ದರು. ಇಂಗ್ಲಿಷ್ ಪುಟವನ್ನು ನಾನು ಓದಿ ಹೇಳುತ್ತಿದ್ದೆ, ಮಗಳು ಅಂಕಿ ಬದಲಿಸುತ್ತಿದ್ದಳು, ಅಣ್ಣ ಸ್ಟೂಲಿನ ಮೇಲೆ ಕೂತು ಸಿನಿಮಾ ನೋಡುವಂತೆ ನೋಡುತ್ತಿದ್ದರು. ವರ್ಗ ಸಮೀಕರಣ ಬರೆದರೆ ಗೆರೆ ಕಮಾನಾಗಿ ಬಾಗುವುದು. ವರ್ಗದ ಮುಂದಿನ ಅಂಕಿ ದೊಡ್ಡದಾದರೆ ಕಮಾನು ಕಿರಿದಾಗುವುದು, ಕಳೆಯುವ ಗುರುತು ಹಾಕಿದರೆ ತಲೆಕೆಳಗಾಗುವುದು. “ಇನ್ನೊಂದು ಹಾಕು, ಇನ್ನೊಂದು,” ಎನ್ನುತ್ತಿದ್ದರು.

“ಸೊನ್ನೆ ಹಾಕಿದ್ರೆ ಬರೀ ಗೆರೆ ಅಪ್ಪಾ. ಹೀಗೇ ಸೀರೆ ನೇಯ್ದ್ರೆ ನಿಂಗೆ ಕೆಲಸವೇ ಇಲ್ಲ,” ಎಂದು ಅವಳು ಕಾಲೆಳೆಯುತ್ತಿದ್ದಳು.

ಹನ್ನೊಂದಕ್ಕೆ ಅವಳು ಗಣಿತವನ್ನೇ ತೆಗೆದುಕೊಂಡಳು. ಅರ್ಜಿ ಕೊಟ್ಟ ದಿನ ಕೈಯಲ್ಲಿ ಪೆನ್ಸಿಲಿನ ಮಸಿ ಹಾಗೇ ಇಟ್ಟುಕೊಂಡು ಅಣ್ಣ ಬಂದು ಹೇಳಿದ್ದು ಒಂದೇ ಮಾತು: “ತಂಗಿ, ನಿಂಗೊಂದು ಕಣಕ್ಕು ಸೀರೆ.”

ಆ ಸೀರೆಯೇ ಇದು. ಅಂಚಿನ ಉದ್ದಕ್ಕೂ ಜರಿಯ ಕಮಾನುಗಳು. ಕಿರಿದು, ಅಗಲ, ತಲೆಕೆಳಗು. ಕಮಾನಿನ ತುದಿ ಮೂಲೆಯ ಮೇಲೆ ಬರಬೇಕು, ಆದರೆ ಮಗ್ಗಕ್ಕೆ ಗೊತ್ತಿರುವುದು ಮನೆ ಮಾತ್ರ. ಅದಕ್ಕೆ ಅಣ್ಣ ಆ ಮೂಲೆಯ ಸುತ್ತಲಿನ ನಾಲ್ಕೂ ಮನೆಗಳನ್ನು ತುಂಬಿಸಿದ್ದರು. “ನಾಲ್ಕು ಮನೆ ನಂದು, ನಡುವಿನ ಮೂಲೆ ಅಮ್ಮಿಣೀದು,” ಎಂದು ಬೆರಳಿಟ್ಟು ತೋರಿಸಿದ್ದರು.

ಸೆಂಟರ್ ಮುಚ್ಚಿ, ನಾವು ಮೈಸೂರಿಗೆ ಮರಳಿ ಬಹಳ ಕಾಲವಾಯಿತು. ಅಣ್ಣ ತೀರಿಕೊಂಡ ಸುದ್ದಿಯನ್ನು ಮಗಳೇ ಫೋನಿನಲ್ಲಿ ಹೇಳಿದಳು. ಈಗ ಅವಳು ಕಟ್ಟಡಗಳ ನಕ್ಷೆ ಹಾಕುತ್ತಾಳೆ... ಮೊನ್ನೆ ಕಿಟಕಿಯ ಬೆಳಕಿಗೆ ಅಂಚು ಹಿಡಿದು ಆ ನಾಲ್ಕು ಮನೆಗಳನ್ನು ಹುಡುಕಿದೆ. ಜರಿ ಸ್ವಲ್ಪ ಕಪ್ಪಾಗಿದೆ. ಮೂಲೆ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಮೇಲೆ ಮಡಿಕೆ ಬೀಳದ ಹಾಗೆ ಸೀರೆ ಮಡಚಿ ಒಳಗಿಟ್ಟೆ.