ಬೇಳೆ ಬೇಯುವ ನೀರು

ಆಗ ನನಗೆ ಹತ್ತೊಂಬತ್ತು. ಈಗ ಲೆಕ್ಕ ಹಾಕಿದರೆ ನಲವತ್ತೈದು ವರ್ಷದ ಹಿಂದಿನ ಮಾತು, ಒಂದೆರಡು ಹೆಚ್ಚುಕಡಿಮೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಅರಕೇರಾದಿಂದ ಒಂದು ಹರದಾರಿ ಒಳಗೆ ನನ್ನ ಗಂಡನ ಊರು. ಕುರಿಯವರು. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ನನ್ನ ಗಂಡ, ನಾನು. ಭಾವನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ. ಅದು ಹಗ್ಗ ಬಿಟ್ಟು ಸೇದುವ ಬಾವಿಯಲ್ಲ, ಕಲ್ಲಿನ ಮೆಟ್ಟಿಲಿನದು. ಮೆಟ್ಟಿಲಿಳಿದು, ಮೊಣಕಾಲುಮಟ್ಟ ನೀರಿಗೆ ಹೋಗಿ, ಮೇಲಿನ ಕಸವನ್ನು ಅಂಗೈಯಿಂದ ಸರಿಸಿ ಕೊಡ ಮುಳುಗಿಸಬೇಕು. ಮಳೆಗಾಲದಲ್ಲಿ ದೇವದುರ್ಗದ ಆಚೆ ಕೃಷ್ಣೆ ಉಕ್ಕಿ ದಂಡೆಯ ಹೊಲಗಳನ್ನು ಬಳಿದುಕೊಂಡು ಹೋಗುತ್ತಿತ್ತು. ನಮ್ಮೂರಿಗೆ ಆ ಸುದ್ದಿಯಷ್ಟೇ ಬರುತ್ತಿತ್ತು.

ಆ ಬಾವಿಯ ನೀರು ಕುಡಿದವರಿಗೆ ಮುಂದಿನ ವರ್ಷ ಅದೇ ಹೊತ್ತಿಗೆ ಕಾಲಿನಲ್ಲಿ ಹುಣ್ಣೆದ್ದು, ಅದರೊಳಗಿಂದ ಬಿಳಿ ದಾರದಂಥ ಹುಳ ಹೊರಬರುತ್ತಿತ್ತು. ನಾರುಹುಣ್ಣು ಎನ್ನುತ್ತಿದ್ದೆವು. ಯಾರೂ ಗಾಬರಿಯಾಗುತ್ತಿರಲಿಲ್ಲ. ಹುಳದ ತುದಿಯನ್ನು ಬೇವಿನ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಎಂದು ಎಳೆದು, ಕಡ್ಡಿಯನ್ನು ಕಾಲಿಗೇ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೆವು. ಪೂರ್ತಿ ಹೊರಗೆ ಬರಲು ತಿಂಗಳೊಪ್ಪತ್ತು ಹಿಡಿಯುತ್ತಿತ್ತು. ನಡುವೆ ತುಂಡಾಗಬಾರದು, ಅಷ್ಟೇ.

ನನಗೆ ಹದಿನೆಂಟಿದ್ದಾಗ ಸರ್ಕಾರದವರು ಊರ ಮುಂದೆ ಬೋರಿಂಗ್ ಹಾಕಿ, ಕೈಯಿಂದ ಒತ್ತುವ ಪಂಪು ಕೂರಿಸಿದರು. ದವಾಖಾನೆಯವನೊಬ್ಬ ಬಂದು ಕಟ್ಟೆಯ ಮೇಲೆ ನಿಂತು ಹೇಳಿದ: ಹುಳ ಬಾವಿಯಿಂದಲೇ ಬರುತ್ತದೆ, ಹುಣ್ಣಿನಿಂದ ಅದರ ಮರಿಗಳು ಮತ್ತೆ ನೀರಿಗೆ ಸೇರುತ್ತವೆ, ಹುಣ್ಣಿದ್ದವರು ಆ ನೀರಿಗೆ ಕಾಲಿಡಬೇಡಿ, ಎಲ್ಲರೂ ಬೋರಿಂಗ್ ನೀರನ್ನೇ ಬಳಸಿ. ಆಗಲಿ ಎಂದು ಬಾವಿ ಬಿಟ್ಟೆವು. ಆದರೆ ಬೋರಿಂಗ್ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಅದರಲ್ಲಿ ಬೇಳೆ ಬೇಯಲಿಲ್ಲ.

ಭಾವ ಊಟದ ಗಂಗಾಳ ನೂಕಿದ. "ಇದೇನ್ ಬ್ಯಾಳಿಯೋ ಹಳ್ಳೋ? ನನ್ನ ಹಲ್ಲರ ಉಳಿಲಿ."

ಅತ್ತೆ ಒಲೆಯ ಮುಂದಿನಿಂದಲೇ ಹೇಳಿದಳು: "ಮುಂಜಾನಿಂದ ಕುದಿಯಾಕತ್ತದ. ಕಟಗಿ ಸುಟ್ಟು ಬೂದಿ ಆತು. ಬ್ಯಾಳಿ ಮಾತ್ರ ಮಾವನ ಮನಿಗಿ ಬಂದ ಅಳಿಯನಂಗ ಕುಂತದ, ಕದಲವಲ್ದು."

"ಕಟ್ಟಿಮ್ಯಾಗ ನಿಂತು ಹೇಳಿದ್ನಲ್ಲ, ಅಂವಗ ಒಂದ್ ಗಂಗಾಳ ಕಳಸ್ರಿ," ಎಂದಳು ಅಕ್ಕ. ಎಲ್ಲರೂ ನಕ್ಕೆವು. ಮರುದಿನದಿಂದ ಅಡಿಗೆಗೆ ಮಾತ್ರ ಎಂದು ಬಾವಿಯಿಂದ ಒಂದು ಕೊಡ ತರತೊಡಗಿದೆವು. ಸಿಹಿನೀರಿನ ಕೊಡ ಮನೆಯಲ್ಲಿದ್ದ ಮೇಲೆ ಸವಳು ಯಾರು ಕುಡಿದಾರು?

ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಕುರಿಗೆ ನೀರು ಸಿಗುತ್ತಿರಲಿಲ್ಲ. ಹಿಂಡು ಹೊಡೆದುಕೊಂಡು ಮಾನ್ವಿ ಕಡೆಯ ಕಾಲುವೆ ಸೀಮೆಗೆ ಹೋಗಬೇಕು. ಭಾವ, ನನ್ನ ಗಂಡ, ಜೊತೆಗೆ ಅಡಿಗೆಗೆ ಅಕ್ಕ. ಕುರಿ ತರುಬಿ ನಿಲ್ಲಿಸಿದಲ್ಲಿ ಒಲೆ ಹೂಡುವುದು, ಮತ್ತೆ ಮುಂದಿನ ಹೊಲಕ್ಕೆ ನಡೆಯುವುದು. ಅತ್ತೆಯೂ ನಾನೂ ಮನೆಯಲ್ಲಿ. ಅಕ್ಕನಿಗೆ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅವಳ ಜಾಗ ಉಳಿದದ್ದು ಈ ನಡಿಗೆಯಿಂದಲೇ. ಒಂದು ವರ್ಷ ಹಿಂದೆ ಉಳಿದರೂ ಭಾವ ನಡೆಯುವ ಇನ್ನೊಬ್ಬಳನ್ನು ತರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಆ ವರ್ಷ ಹೊರಡುವ ಹೊತ್ತಿಗೆ ಸರಿಯಾಗಿ ಅವಳ ಹಿಮ್ಮಡಿಯ ಮೇಲೆ ನಾರು ತಲೆ ಹಾಕಿತು.

ದಿನಾ ಸಂಜೆ ಬಾವಿಯ ಮೆಟ್ಟಿಲ ಮೇಲೆ ಕುಳಿತು ಕಾಲನ್ನು ನೀರಿಗೆ ಬಿಡುತ್ತಿದ್ದಳು. ಹಾಗೆ ಮಾಡುವುದು ನಮ್ಮಲ್ಲಿ ರೂಢಿ. ಉರಿ ತಣಿಯುತ್ತದೆ, ಹುಳ ಬೇಗ ಜಾರುತ್ತದೆ.

"ಅಕ್ಕಾ, ದವಾಖಾನ್ಯಾವ ಬ್ಯಾಡ ಅಂದಾನ," ಎಂದೆ.

"ಅವನ ಕಾಲಾಗ ಬಂದದೇನು? ಕುರಿ ಹೊಂಡೂದ್ರಾಗ ಇದು ಹೊರಗ ಬರ್ಬೇಕು. ನೀ ಕೊಡ ತುಂಬ್ಕೊಂಡು ನಡಿ."

ತುಂಬಿಕೊಂಡು ಬಂದೆ. ಅವಳ ಕಾಲಿನಿಂದ ಒಂದು ಮಾರು ಆಚೆ ಸರಿದು ತುಂಬಿದೆ, ಅಷ್ಟೇ. ಮುಂದಿನ ವರ್ಷ ನನ್ನ ಕಾಲಿನಲ್ಲೂ ಬಂತು, ಅತ್ತೆಗೂ ಬಂತು, ಓಣಿಯ ಅರ್ಧ ಜನಕ್ಕೆ ಬಂತು. ಯಾರನ್ನು ಬಯ್ಯುವುದು? ಆ ನೀರಿಗೆ ಎಲ್ಲರೂ ಕಾಲಿಟ್ಟವರೇ.

ಹೊರಡುವುದು ಹತ್ತಿರವಾದಾಗ ಅಕ್ಕ ಅತ್ತೆಯ ಮುಂದೆ ಕಾಲು ಚಾಚಿ ಕುಳಿತಳು. ಊರಿನಲ್ಲಿ ನಾರು ಸುತ್ತಲು ಅತ್ತೆಯ ಕೈ ನಂಬಿಕೆಯದು.

"ಇವತ್ತು ಜರಾ ಹೆಚ್ಚಿಗಿ ಎಳಿ ಬೇ ಅತ್ತಿ."

"ಹರದ್ರ?"

"ಹರಿಯಂಗಿಲ್ಲ. ಎಷ್ಟ್ ಮಂದಿದು ತಗದಿ ನೀನು."

ಅತ್ತೆ ಎಳೆದಳು. ಹರಿಯಿತು. ಅರ್ಧ ಕಡ್ಡಿಯ ಮೇಲೆ ಉಳಿಯಿತು, ಅರ್ಧ ಒಳಗೆ ಸೇರಿತು. ಅಕ್ಕ ಅಳಲಿಲ್ಲ. "ಹೋತಲ್ಲ," ಎಂದಳು, ಯಾವುದೋ ಬಸ್ಸು ತಪ್ಪಿಸಿಕೊಂಡವಳ ಹಾಗೆ. ಅತ್ತೆ ಕಡ್ಡಿಯನ್ನು ಒಲೆಗೆ ಹಾಕಿ ಎದ್ದು ಹೊರಗೆ ಹೋದಳು.

ಬೆಳಗಾಗುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಬಾತಿತ್ತು, ಮೈ ಕೆಂಡವಾಗಿತ್ತು. ಬಂಡಿಯಲ್ಲಿ ದೇವದುರ್ಗಕ್ಕೆ, ಅಲ್ಲಿಂದ ಬಸ್ಸಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ನಾನು ಅವಳ ಜೊತೆ ಉಳಿದೆ. ರಾಯಚೂರು ಎರಡು ಹೊಳೆಗಳ ನಡುವಿನ ದೊಡ್ಡ ಊರು, ಅಲ್ಲಿ ನೀರಿಗೆ ಬರವಿರಲಿಕ್ಕಿಲ್ಲ ಎಂದುಕೊಂಡಿದ್ದೆ. ನಳದ ಮುಂದೆ ಕೊಡಗಳ ಸಾಲು ಅಲ್ಲೂ ಇತ್ತು, ಜಗಳವೂ ಇತ್ತು. ಡಾಕ್ಟರು ಕೊಯ್ದು ಕೀವು ತೆಗೆದರು. ಜೀವ ಉಳಿಯಿತು. ಅವಳು ಬಹಳ ದಿನ ಕಾಲು ಮಡಚಿಕೊಂಡೇ ಮಲಗಿದ್ದಳು. ಆಮೇಲೆ ಚಾಚಲು ಹೋದರೆ ಅದು ಚಾಚಲಿಲ್ಲ.

ಊರಿಗೆ ಬಂದಾಗ, ಅಡಿಗೆಗೆ ಹೋಗುವವರಿಲ್ಲದೆ ಕುರಿಗಳು ಇನ್ನೂ ಹಟ್ಟಿಯಲ್ಲೇ ಇದ್ದವು, ಪಕ್ಕೆಲುಬು ಕಾಣುತ್ತಿದ್ದವು. ತವರೂರು ಯಾಪಲದಿನ್ನಿಯಿಂದ ಅವಳ ಅಣ್ಣ ಬಂದಿದ್ದ. ಅತ್ತೆಯೇ ಹೇಳಿ ಕಳಿಸಿದ್ದಳು.

"ಸ್ವಲ್ಪ ದಿನ ನಿಮ್ಮಲ್ಲಿ ಇರ್ಲಿ ಯಪ್ಪಾ. ಕಾಲು ನೆಟ್ಟಗಾದ್ಮ್ಯಾಲ ಕರಸ್ಕೋತೀವಿ."

"ಆತ್ರೀ," ಎಂದ ಅಣ್ಣ. ನೆಟ್ಟಗಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಭಾವ ಹಟ್ಟಿಯಿಂದ ಹೊರಗೆ ಬರಲಿಲ್ಲ. ಮುಂದಿನ ಬೇಸಿಗೆಗೆ ಅವನು ಇನ್ನೊಂದು ಮದುವೆಯಾದ. ಅಕ್ಕನನ್ನು ಯಾರೂ ಕರೆಸಲಿಲ್ಲ.

ಈಗ ಆ ಬಾವಿಗೆ ಚಪ್ಪಡಿ ಮುಚ್ಚಿದ್ದಾರೆ. ನಾರುಹುಣ್ಣು ಹೋಯಿತು, ಒಳ್ಳೆಯದಾಯಿತು. ಬೋರಿಂಗ್ ನೀರು ಕುಡಿದು ಕುಡಿದು ನನ್ನ ವಯಸ್ಸಿನವರ ಮೊಣಕಾಲು ಸೊಟ್ಟಗಾಗಿವೆ. ಹುಡುಗರ ಹಲ್ಲು ಹಳದಿ. ಸಿಹಿನೀರು ಈಗ ಡಬ್ಬಿಯಲ್ಲಿ ಬರುತ್ತದೆ. ಬೋರು ಒಣಗಿದಂತೆಲ್ಲ ಇನ್ನೂ ಕೆಳಗೆ ಕೊರೆಯುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಎಲ್ಲಿವರೆಗೆ ಇಳಿಯುತ್ತಾರೋ, ಅಲ್ಲಿಂದ ಎಂಥ ನೀರು ಏಳುತ್ತದೋ, ನೆನೆಯಲು ನನಗೆ ಧೈರ್ಯವಿಲ್ಲ.

ಅಕ್ಕ ತವರಿಗೆ ಹೊರಟ ಆ ದಿನ ಅಣ್ಣ ಅವಳನ್ನು ಎತ್ತಿ ಬಂಡಿಯಲ್ಲಿ ಕೂರಿಸಿದ. ನಾನು ಹುಲ್ಲು ಸರಿಮಾಡುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದು ಹೇಳಿದಳು:

"ಕಾಲವಿ ನೀರಾಗ ಬ್ಯಾಳಿ ಲಗೂನ ಬೇಯ್ತದ. ಇಲ್ಲಿಯಂಗ ಚರಗಿಗಟ್ಲೆ ನೀರು ಸುರದಿ ಅಂದ್ರ, ಬ್ಯಾಳಿ ಎಲ್ಲದ ಅಂತ ಸಾರಾಗ ಕೈಬಿಟ್ಟು ಹುಡುಕಬೇಕಾಗ್ತದ ನೋಡು."

ನಗಿಸಬೇಕೆಂದು ಹೇಳಿದಳು. ನನಗೆ ನಗು ಬರಲಿಲ್ಲ. ಬಂಡಿ ಹೋಯಿತು.

ಮರುದಿನ ಬೆಳಗ್ಗೆ ಅವಳು ಹೊರುತ್ತಿದ್ದ ಅಡಿಗೆಯ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟುಕೊಂಡು, ಕುರಿಗಳ ಹಿಂದೆ ಮಾನ್ವಿಯ ದಾರಿ ಹಿಡಿದೆ.